ಎರಡು ಕೈಯ ಗೇಟು

ಮೆಟ್ಟಿಲಿಗೆ ಹಾಕುವ ಮಕ್ಕಳ ಗೇಟುಗಳನ್ನು ಅಂಗಡಿಯವ ಸಾಲಾಗಿ ನಿಲ್ಲಿಸಿದ್ದ. ಗಾರ್ಡಮ್ಮ ಮೊದಲನೆಯದಕ್ಕೆ ಭುಜ ಕೊಟ್ಟು ನೂಕಿದಳು. ಚೌಕಟ್ಟಿನ ಸಮೇತ ಗೇಟು ನಾಲ್ಕು ಬೆರಳು ಹಿಂದೆ ಸರಿಯಿತು.

"ಅಜ್ಜಿ, ಅದು ಗೋಡೆಗೆ ಒತ್ತಿ ನಿಲ್ಲೋದು. ತೂತು ಕೊರಿಯೋ ರಗಳೆ ಇಲ್ಲ," ಎಂದ ಅಂಗಡಿಯವ.

"ಮೆಟ್ಟಿಲ ಮೇಲ್ಗಡೆ ಇದನ್ನ ಹಾಕಿದ್ರೆ ಮಗುವಿನ ಜೊತೆ ಗೇಟೂ ಉರುಳುತ್ತೆ. ಸ್ಕ್ರೂ ಹೊಡೆಯೋದು ತೋರಿಸಪ್ಪ."

"ಎಲ್ಲರೂ ಇದನ್ನೇ ತಗೊಂಡ್ಹೋಗ್ತಾರೆ."

"ಎಲ್ಲರೂ ವಾಪಸ್ ಬಂದು ಹೇಗಿದೆ ಅಂತ ಹೇಳಿದ್ದಾರಾ ನಿನಗೆ?"

ಮಗಳು ಎಂಟು ತಿಂಗಳ ಕೂಸನ್ನು ಸೊಂಟದ ಮೇಲಿಟ್ಟು ಪಕ್ಕದಲ್ಲಿ ನಿಂತಿದ್ದಳು. ತಾಯಿ ಮಗಳ ನಡುವೆ ಹದಿನೈದು ದಿನಗಳಿಂದ ಮಾತು ಲೆಕ್ಕಕ್ಕೆ ತಕ್ಕಷ್ಟೇ ನಡೆಯುತ್ತಿತ್ತು. ಅಡುಗೆಮನೆ ಕೆಳಗೆ, ಮಲಗುವ ಕೋಣೆ ಮೇಲೆ ಇರುವ ಇಕ್ಕಟ್ಟಿನ ಮನೆ ಅವರದು. ಮೆಟ್ಟಿಲ ಬಾಯಿಗೆ ಅಡ್ಡ ಇಟ್ಟಿದ್ದ ಹಲಗೆಯನ್ನು ಗಾರ್ಡಮ್ಮ ಬಟ್ಟೆ ಬಕೆಟ್ ಒಯ್ಯಲು ತೆಗೆದವಳು ಮತ್ತೆ ಇಡಲು ಮರೆತಿದ್ದಳು. ಕೂಸು ಅಂಚಿಗೆ ಹೋಗಿ ಗಾಳಿಯಲ್ಲಿ ಕೈ ಆಡಿಸುತ್ತಿದ್ದಾಗ ಮಗಳು ಓಡಿ ಬಂದು ಹಿಡಿದಿದ್ದಳು. ಅಂದು ಸಂಜೆಯೇ ಡೇಕೇರಿನವರಿಗೆ ಫೋನ್ ಹೋಗಿತ್ತು.

ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಳಿಯ ಹಡಗಿನಲ್ಲಿ ಅಡುಗೆಯವ, ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆ. ಸೋಮವಾರ ಮಗಳ ರಜೆ ಮುಗಿಯುತ್ತಿತ್ತು. ಅವಳು ಕಡ್ಡಿ ಮುರಿದಂತೆ ಹೇಳಿದ್ದಳು: "ಗೇಟು, ಲಾಕು ಎಲ್ಲ ಹಾಕ್ಸೋಣ. ಶನಿವಾರ ನೀನೊಬ್ಬಳೇ ನೋಡ್ಕೊ. ಸರಿಹೋಯ್ತು ಅಂದ್ರೆ ನೀನೇ. ಇಲ್ಲಾಂದ್ರೆ ಡೇಕೇರ್."

ಗಾರ್ಡಮ್ಮನಿಗೆ ಇದು ಅವಮಾನ. ತಗಡು ಒತ್ತುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಪ್ರೆಸ್ ಓಡಿಸಿದವಳು ಆಕೆ. ಎರಡನೆಯ ವರ್ಷದಲ್ಲೇ ಬಲಗೈಯ ಎರಡು ಬೆರಳು ಅರ್ಧಕ್ಕೆ ಹೋದವು. ತಪ್ಪು ಯಾರದು ಎಂದು ಕೇಳಿದರೆ ಮುಚ್ಚಿಡುತ್ತಿರಲಿಲ್ಲ: ಬೇಗ ಕೆಲಸ ಸಾಗಲೆಂದು ಕೈ ಕಾಯುವ ಗಾರ್ಡನ್ನು ತಂತಿಯಿಂದ ಮೇಲಕ್ಕೆ ಕಟ್ಟಿದ್ದು ತಾನೇ, ಅದನ್ನು ನೋಡಿಯೂ ನೋಡದಂತೆ ಹೋದವನು ಮೇಸ್ತ್ರಿ. ಆಮೇಲೆ ಆಕೆ ಕೇಳಿದ್ದು ಪರಿಹಾರವನ್ನಲ್ಲ, ಎರಡು ಗುಂಡಿಯ ಪ್ರೆಸ್ಸನ್ನು. ಎರಡೂ ಕೈ ಎರಡು ಗುಂಡಿಯ ಮೇಲಿದ್ದರೆ ಮಾತ್ರ ಯಂತ್ರ ಇಳಿಯಬೇಕು. ಅದಕ್ಕಾಗಿ ಹತ್ತೊಂಬತ್ತು ದಿನ ಕಾರ್ಖಾನೆಯ ಬಾಗಿಲಲ್ಲಿ ಜನ ಕೂಡಿಸಿಕೊಂಡು ಕೂತಳು. ಮ್ಯಾನೇಜರು ಹಲ್ಲು ಕಡಿಯುತ್ತಲೇ ಗುಂಡಿ ಹಾಕಿಸಿದ. ಗಾರ್ಡಮ್ಮ ಎಂಬ ಹೆಸರು ಬಿದ್ದದ್ದು ಆಗ. ಅವೇ ದಿನಗಳಲ್ಲಿ ಮಗಳು ತೆವಳಲು ಕಲಿತಳಂತೆ. ಪಕ್ಕದ ಮನೆಯವರು ಹೇಳಿ ಗೊತ್ತು.

ಅಂಗಡಿಯಲ್ಲಿ ಆಕೆ ಅದೇ ಕಣ್ಣಿನಿಂದ ಒಂದೊಂದನ್ನೂ ನೋಡಿದಳು. ಪ್ಲಗ್ಗಿಗೆ ಮುಚ್ಚುವ ಪ್ಲಾಸ್ಟಿಕ್ ಬಿಲ್ಲೆಯನ್ನು ಎತ್ತಿ, "ಇದನ್ನ ಕಿತ್ರೆ ಸೀದಾ ಗಂಟಲಿಗೆ," ಎಂದು ಬಿಸಾಕಿದಳು. ಆಯಸ್ಕಾಂತದ ಕೀಲಿಯಿಂದ ತೆಗೆಯುವ ಕಪಾಟಿನ ಲಾಕಿಗೂ ಮೂಗು ಮುರಿದಳು. ಮೂರನೇ ದಿನ ಕೀಲಿ ಕಳೆಯುತ್ತದೆ, ನಾಲ್ಕನೇ ದಿನದಿಂದ ಕಪಾಟು ಬಾಯಿ ತೆರೆದುಕೊಂಡೇ ಇರುತ್ತದೆ. ಒತ್ತಿ ಎಳೆಯುವ ಸಾದಾ ಪಟ್ಟಿ ಸಾಕು.

ಕೊನೆಗೆ ಸ್ಕ್ರೂ ಹೊಡೆಯುವ ಗೇಟುಗಳಲ್ಲಿ ಎರಡು ಉಳಿದವು.

"ಇದನ್ನ ಒಂದೇ ಕೈಲಿ ತೆಗೀಬಹುದು," ಎಂದ ಅಂಗಡಿಯವ. "ಅದಕ್ಕೆ ಎರಡು ಕೈ ಬೇಕು. ಒಂದು ಕೈ ಪಕ್ಕದ ಹಿಡಿ ಒತ್ತಬೇಕು, ಇನ್ನೊಂದು ಕೈ ಗೇಟು ಎತ್ತಬೇಕು."

"ಎರಡು ಕೈಯ್ದೇ ಕೊಡು," ಎಂದಳು ಗಾರ್ಡಮ್ಮ, ಅವನ ಮಾತು ಮುಗಿಯುವ ಮೊದಲೇ.

"ನಿನ್ನ ಕೈಲಿ ಆಗುತ್ತಾ?" ಮಗಳು ಕೇಳಿದಳು.

"ಆಗ್ದೆ ಏನು." ಎಡಗೈಯಿಂದ ಹಿಡಿ ಒತ್ತಿ, ಬಲಗೈಯ ಮೊಂಡು ಬೆರಳುಗಳನ್ನೇ ಕೊಕ್ಕೆ ಮಾಡಿ ಗೇಟು ಎತ್ತಿ ತೋರಿಸಿದಳು. ಮಗಳು ದುಡ್ಡು ಎಣಿಸಿ ಕೊಟ್ಟಳು, ಮರುದಿನವೇ ಗೇಟು ಮೆಟ್ಟಿಲ ಮೇಲ್ಗಡೆ ಕೂತಿತು.

ಶನಿವಾರ ಒಂಬತ್ತಕ್ಕೆ ಮಗಳು, ರಜೆಯಿದ್ದರೂ ಲ್ಯಾಬಿನ ಕಡೆ ಹೋಗಿಬರುತ್ತೇನೆಂದು ಹೊರಟಳು. ಹನ್ನೊಂದರವರೆಗೆ ಎಲ್ಲ ಸಲೀಸು. ಕೂಸು ಮೇಲೆ ಮಲಗಿತ್ತು. ಗಾರ್ಡಮ್ಮ ಕೆಳಗೆ ಒಲೆಯ ಮೇಲೆ ಹಾಲಿಟ್ಟಾಗ ಅಳು ಕೇಳಿಸಿತು. ಮೇಲೆ ಹೋದಳು, ಗೇಟು ಹಾಕಿಕೊಂಡಳು, ಡೈಪರ್ ಬದಲಿಸಿದಳು. ಅಷ್ಟರಲ್ಲಿ ಸೀದ ವಾಸನೆ ಮೂಗಿಗೆ ಬಡಿಯಿತು.

ಕೂಸನ್ನು ಎಡ ಸೊಂಟಕ್ಕೆ ಏರಿಸಿ ಗೇಟಿನ ಮುಂದೆ ನಿಂತಳು. ಬಲಗೈ ಗೇಟು ಹಿಡಿಯಿತು. ಹಿಡಿ ಒತ್ತಲು ಕೈ ಎಲ್ಲಿದೆ? ಮೊಣಕೈ ಒತ್ತಿ ನೋಡಿದಳು. ಮೊಣಕಾಲು ಕೊಟ್ಟು ನೋಡಿದಳು. ಗೇಟು ಜಪ್ಪಯ್ಯ ಅನ್ನಲಿಲ್ಲ. ಕೆಳಗಿನಿಂದ ಹೊಗೆ ಏಳತೊಡಗಿತು.

"ಇಲ್ಲೇ ಕೂತಿರು ಕಣವ್ವಾ," ಎಂದು ಕೂಸನ್ನು ಬೆನ್ನ ಹಿಂದೆ ನೆಲಕ್ಕಿಟ್ಟಳು. ಎರಡೂ ಕೈ ಹಾಕಿದಳು. ಗೇಟು ಮೇಲೆದ್ದು ಒಳಕ್ಕೆ ತೆರೆಯಿತು. ಆಕೆ ತಿರುಗುವಷ್ಟರಲ್ಲಿ ಕೂಸು ಆಕೆಯ ಕಾಲು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ತೂರಿತ್ತು. ಎರಡೂ ಅಂಗೈ ಮೊದಲನೆಯ ಮೆಟ್ಟಿಲ ಮೇಲಿದ್ದವು, ತಲೆ ಕೆಳಮುಖವಾಗಿತ್ತು, ಮೈಯ ಭಾರವೆಲ್ಲ ಮುಂದಕ್ಕೆ ಜಾರುತ್ತಿತ್ತು. ಗಾರ್ಡಮ್ಮನ ಬಲಗೈಗೆ ಸಿಕ್ಕಿದ್ದು ಡೈಪರಿನ ಅಂಚು. ಒಂದು ಕಡೆಯ ಪಟ್ಟಿ ಕಿತ್ತು ಬಂತು. ಇನ್ನೊಂದು ಕಡೆಯದು ಕಚ್ಚಿಕೊಂಡಿತ್ತು. ಎಡಗೈ ಹೋಗಿ ಕಾಲಿನ ಗಿಣ್ಣು ಹಿಡಿದು ಎಳೆದುಕೊಂಡಿತು.

ಕೂಸು ಆಟವೆಂದುಕೊಂಡು ಕೇಕೆ ಹಾಕಿತು. ಗಾರ್ಡಮ್ಮ ಅದನ್ನು ಅವಚಿಕೊಂಡು ಅಲ್ಲೇ ಕೂತಳು. ಪಾತ್ರೆ ಕರಿ ಹಿಡಿದರೆ ಹಿಡಿಯಲಿ ಎಂದು ಕೂಡಲೇ ಏಳಲಿಲ್ಲ.

ಆಮೇಲೆ ಒಲೆ ಆರಿಸಿ ಪಾತ್ರೆ ತಿಕ್ಕಿದಳು, ಕಿಟಕಿ ತೆರೆದಳು, ಹೊಸ ಡೈಪರ್ ಹಾಕಿದಳು. ಕೂಸಿನ ಮೈಮೇಲೆ ಒಂದು ಗೀರೂ ಇರಲಿಲ್ಲ. ಕಂಡವರು ಯಾರೂ ಇರಲಿಲ್ಲ. ಈಗ ನಾಲ್ಕು ಗಂಟೆಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕೂಸು ತನ್ನದು.

ಕಾರ್ಖಾನೆಯಲ್ಲಿ ಹೀಗೆ ಬಾಯಿ ಮುಚ್ಚಿಕೊಂಡವರನ್ನು ಆಕೆ ಬಲ್ಲಳು. ತಗಡು ಕತ್ತರಿಸುವ ಯಂತ್ರದಲ್ಲಿ ಒಬ್ಬನ ತೋಳು ಕೂದಲೆಳೆಯಲ್ಲಿ ಉಳಿದಿತ್ತು. ಕೆಲಸ ಹೋದೀತೆಂದು ಅವನು ಯಾರಿಗೂ ಹೇಳಲಿಲ್ಲ. ಎರಡು ವಾರದ ಮೇಲೆ ಅದೇ ಯಂತ್ರ ಇನ್ನೊಬ್ಬಳ ಕೈಯನ್ನು ಮಣಿಕಟ್ಟಿನವರೆಗೆ ತಿಂದಿತು. ಅಂದು ಗಾರ್ಡಮ್ಮ ಎಲ್ಲರೆದುರು ಅವನ ಮುಖಕ್ಕೆ ಉಗಿದಿದ್ದಳು. ಈಗ ಅನಿಸಿತು: ಆ ಮನುಷ್ಯನಿಗೂ ಮನೆಯಲ್ಲಿ ಏನೋ ಇದ್ದಿರಬೇಕು, ಕಳೆದುಕೊಳ್ಳಲಾಗದಂಥದ್ದು.

ನಾಲ್ಕಕ್ಕೆ ಮಗಳು ಬಂದಳು. ಗೇಟು ಹಾಕಿತ್ತು, ಕಪಾಟು ಮುಚ್ಚಿತ್ತು, ಕೂಸು ನಿದ್ದೆಯಲ್ಲಿತ್ತು. ಹದಿನೈದು ದಿನದಲ್ಲಿ ಮೊದಲ ಸಲ ಅವಳ ಮುಖ ಸಡಿಲವಾಯಿತು.

"ಪರವಾಗಿಲ್ಲ ಕಣಮ್ಮ ನೀನು. ಡೇಕೇರಿಗೆ ಬೇಡ ಅಂತ ಹೇಳಿಬಿಡ್ಲಾ?"

"ಕೂತ್ಕೊ ಮೊದಲು," ಎಂದಳು ಗಾರ್ಡಮ್ಮ. ಹಾಲಿನಿಂದ ಹಿಡಿದು ಡೈಪರಿನ ಪಟ್ಟಿಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಒಲೆ ಆರಿಸದೆ ಮೇಲೆ ಹೋದದ್ದನ್ನೂ ನುಂಗಲಿಲ್ಲ.

ಮಗಳು ಎದ್ದು ಮೇಲೆ ಹೋದಳು. ನಿದ್ದೆಗಣ್ಣಿನ ಕೂಸನ್ನು ಸೊಂಟಕ್ಕೇರಿಸಿಕೊಂಡು ಗೇಟಿನ ಮೇಲೆ ಕೈ ಹಾಕಿದಳು. ಹತ್ತೂ ಬೆರಳಿದ್ದ ಅವಳಿಗೂ ಅದು ಜಗ್ಗಲಿಲ್ಲ. ಕೂಸನ್ನು ಇಳಿಸಲು ಬಗ್ಗಿದವಳು ಅಲ್ಲೇ ನಿಂತುಬಿಟ್ಟಳು.

"ಪ್ರೆಸ್ ಮುಂದೆ ನಿಂತೋಳ ಕೈಲಿ ಮಗು ಇರಲ್ಲ," ಎಂದಳು ಕೆಳಗೆ ನಿಂತಿದ್ದ ಗಾರ್ಡಮ್ಮ. "ಅಷ್ಟು ಹೊಳೀಲಿಲ್ಲ ನನ್ನ ತಲೆಗೆ."

"ಹೇಳ್ದೆ ಇದ್ದಿದ್ರೆ ವಾರದ ಐದೂ ದಿನ ಮಗು ನಿನಗೇ ಸಿಕ್ತಿತ್ತು."

"ಹೌದು. ನಾಳೆ ನೀನೂ ಹೀಗೇ ನೆಲಕ್ಕಿಡ್ತಿದ್ದೆ."

ಮಗಳು ಮೇಲಿನಿಂದಲೇ ಹೇಳಿದಳು: "ಸೋಮವಾರದಿಂದ ಡೇಕೇರ್. ನೀನು ಒಲೆ ಮರೀತೀಯ, ಹಲಗೆ ಮರೀತೀಯ. ಮನೇಲಿ ಏನಾಯ್ತೋ ಅಂತ ಲ್ಯಾಬಲ್ಲಿ ಸೂಜಿ ಹಿಡಿದ ಕೈ ನಡುಗಿದ್ರೆ ಆಗಲ್ಲ."

"ಮೂರು ದಿನ ಅವರಿಗಿರಲಿ. ಎರಡು ನನಗೆ."

"ಒಂದು."

"ಎರಡು. ಮಗು ನನ್ನ ಹತ್ರ ಇರೋವಾಗ ಒಲೆ ಹಚ್ಚಲ್ಲ. ಈ ಗೇಟು ಈಗಲೇ ಕಿತ್ತುಹಾಕ್ತೀನಿ, ಒಂದು ಕೈಯ್ದು ಬರೋತನಕ ಮಗು ಕೆಳಗಿನ ಕೋಣೆಯಲ್ಲೇ."

ಮಗಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಮಂಗಳವಾರ, ಗುರುವಾರ. ದಿನಾ ಸಂಜೆ ಏನಾಯ್ತು ಅಂತ ಹೇಳ್ಬೇಕು. ಏನೂ ಆಗಿಲ್ಲ ಅಂದ್ರೆ ನಂಬಲ್ಲ."

"ನಂಬ್ಬೇಡ," ಎಂದಳು ಗಾರ್ಡಮ್ಮ.

ಮಗಳು ಕೂಸನ್ನು ನೆಲದ ಹಾಸಿಗೆಯ ಮೇಲೆ ಬಿಟ್ಟು, ಕೋಣೆಯ ಬಾಗಿಲು ಮುಚ್ಚಿ ಬಂದು ಗೇಟು ತೆರೆದಳು. ಗಾರ್ಡಮ್ಮ ಸ್ಕ್ರೂಡ್ರೈವರ್ ಹಿಡಿದು ಮೆಟ್ಟಿಲು ಹತ್ತಿದಳು. ಕೈಬಿಟ್ಟು ಹೋದ ಮೂರು ದಿನಗಳ ಹೊಟ್ಟೆಯುರಿಯನ್ನೆಲ್ಲ ಸ್ಕ್ರೂಗಳ ಮೇಲೆ ತೀರಿಸಿಕೊಂಡಳು. ಗೋಡೆಯ ಗಾರೆ ಉದುರಿ ಮೆಟ್ಟಿಲ ತುಂಬ ಬಿತ್ತು. ಮಗಳು ಗೊಣಗುತ್ತ ಪೊರಕೆ ತಂದಳು.