ನಿರಿಗೆಯ ಮೇಲಿನ ಅಳತೆ

ಎಂ.ಎಸ್ಸಿ. ಕೊನೆಯ ವರ್ಷದ ಪ್ರಬಂಧಕ್ಕಾಗಿ ನಾನು ಕೆಂಭಾವಿ ಸುತ್ತಲಿನ ಹರೆಯದವರ ಮೈ ಅಳೆಯುತ್ತಿದ್ದೆ. ಕೊಬ್ಬು ಮೈಯ ಯಾವ ಭಾಗದಲ್ಲಿ ಕೂತಿದೆ, ಅದಕ್ಕೂ ರಕ್ತದಲ್ಲಿ ಕಾಣುವ ಉರಿಯೂತಕ್ಕೂ ಏನು ಸಂಬಂಧ ಎಂಬುದು ವಿಷಯ.

ಕಾಕಾನ ಮಗಳು ನನಗಿಂತ ಒಂದು ವರ್ಷ ಸಣ್ಣವಳು. ಒಂದೇ ಮನೆಯಲ್ಲಿ ಬೆಳೆದೆವು. ಅವಳದು ತುಂಬಿದ ಮೈ, ಅವಳಿದ್ದಲ್ಲಿ ನಗು. ಕಾಲುವೆ ಬಂದು ಜೋಳದ ಹೊಲ ಗದ್ದೆಯಾದ ಮೇಲೆ ನಮ್ಮಲ್ಲಿ ಎರಡು ಹೊತ್ತೂ ಅನ್ನ. ಅಜ್ಜಿ ಬಿಸಿಯದನ್ನು ಮೊದಲು ಅವಳ ತಾಟಿಗೇ ಬಡಿಸುತ್ತಿದ್ದಳು. ಅವಳು ಉಂಡು ನಾಟಿಗೆ ಹೋಗುತ್ತಿದ್ದಳು, ನಾನು ಉಂಡು ಓದಲು ಕೂರುತ್ತಿದ್ದೆ. ನನಗಿದ್ದ ಸಮಾಧಾನ ಒಂದೇ: ನಾನು ತೆಳ್ಳಗಿದ್ದೇನೆ.

ಒಂದು ಬೆಳಿಗ್ಗೆ ಅವಳನ್ನು ನೋಡಲು ಶಹಾಪುರದ ಕಡೆಯವರು ಬಂದರು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಹುಡುಗನ ಸೋದರತ್ತೆ ಚಹಾದ ಲೋಟ ಕೆಳಗಿಟ್ಟು ಅಂದಳು:

"ಹುಡುಗಿ ಚಲೋ ಅದಾಳ್ರಿ. ಆದ್ರ ಮೈ ಭಾಳ ಆಯ್ತು. ನಾಳಿ ಬಿಪಿ, ಶುಗರ್ ಬಂದ್ರ ಹೆಂಗ? ಒಮ್ಮಿ ರಕ್ತ ತಪಾಸ್ ಮಾಡಿಸಿ ಹೇಳ್ರಿ."

ಮಧ್ಯಾಹ್ನ, ಬೆಳಿಗ್ಗೆ ಅವರ ಮುಂದೆ ಉಟ್ಟಿದ್ದ ಇಳಕಲ್ ಸೀರೆಯಲ್ಲೇ ಅವಳು ನನ್ನ ಮುಂದೆ ನಿಂತಳು.

"ಅಕ್ಕಾ, ನಂದೂ ಅಳಿ. ಸಂತ್ಯಾಗ ಎತ್ತಿನ ಹಲ್ಲು ನೋಡ್ತಾರ, ಇವ್ರು ನನ್ ರಕ್ತ ನೋಡ್ತಾರಂತ. ತೋರಿಸೇ ಬಿಡೂಣು."

ಸೀರೆ ಉಟ್ಟವರ ಹೊಟ್ಟೆ ಅಳೆಯುವಾಗ ನಿರಿಗೆ ಬಿಚ್ಚಿಸಿ, ಲಂಗದ ಲಾಡಿ ಸಡಿಲಿಸಿ ಅಳೆಯಬೇಕು. ಉಳಿದೆಲ್ಲರಿಗೂ ಹಾಗೆಯೇ ಮಾಡಿದ್ದೆ.

"ಲಾಡಿ ಸಡ್ಲ ಮಾಡ್ಲೇನು?" ಎಂದು ಅವಳೇ ಕೇಳಿದಳು.

"ಬ್ಯಾಡ," ಎಂದೆ. ಟೇಪನ್ನು ನಿರಿಗೆಯ ಮೇಲೆಯೇ ಹಾಯಿಸಿದೆ. ಬಟ್ಟೆಯ ದಪ್ಪವೂ ಸೇರಿ ದೊಡ್ಡ ಅಂಕಿ ಬಂತು, ಬರೆದುಕೊಂಡೆ. ರಕ್ತ ತೆಗೆಯುವವನಿಗೆ ಅವಳ ಜೊತೆ ನನ್ನ ಕೈಯನ್ನೂ ಚಾಚಿದೆ, ನನ್ನದು ಚೆನ್ನಾಗಿಯೇ ಬರುತ್ತದೆಂಬ ಧೈರ್ಯದಿಂದ.

ಕಲಬುರಗಿಯ ಲ್ಯಾಬಿನಿಂದ ವರದಿ ಬಂದಾಗ ಅವಳ ಸಕ್ಕರೆ, ಉರಿಯೂತ ಎರಡೂ ಮಿತಿಯೊಳಗಿದ್ದವು. ನನ್ನ ಉರಿಯೂತ ಮಿತಿ ಮೀರಿತ್ತು. ನೆಗಡಿಗೂ ಹಲ್ಲುನೋವಿಗೂ ಹೀಗೆ ಏರಬಹುದು, ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡು ಎಂದರು ಮಾರ್ಗದರ್ಶಕರು. ನೋಡಿದೆ, ಇಳಿದಿರಲಿಲ್ಲ. ಟೇಪನ್ನು ನನಗೇ ಸುತ್ತಿಕೊಂಡೆ: ಕೈಕಾಲು ಸಣ್ಣಗಿದ್ದವು, ಕೊಬ್ಬು ಹೊಟ್ಟೆಯೊಳಗೆ ಕೂತಿತ್ತು. ಅಲ್ಲಿ ಕೂತದ್ದೇ ಹೆಚ್ಚು ಕಾಡುವುದು. ಅವಳದು ತೊಡೆ, ನಿತಂಬಗಳಲ್ಲಿತ್ತು. ಇದನ್ನೆಲ್ಲ ನಾನೇ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಬರೆದಿದ್ದೆ.

ಅವಳು ದಿನಾ ಕೇಳುತ್ತಿದ್ದಳು. "ಇನ್ನೂ ಬಂದಿಲ್ಲ," ಎನ್ನುತ್ತಿದ್ದೆ. ಅವಳ ಲಕೋಟೆ ನನ್ನ ಚೀಲದಲ್ಲೇ ಇತ್ತು.

ಮೂರನೆಯ ವಾರ ಶಹಾಪುರದವರು ಬೇರೆ ಹುಡುಗಿಯನ್ನು ನೋಡುತ್ತಿದ್ದಾರೆಂದು ಸುದ್ದಿ ಬಂತು. ಅವಳು ಅನ್ನ ಬಿಟ್ಟಳು. ಹಸಿದೇ ನಾಟಿಗೆ ಹೋಗಿ, ಬಂದು ಮೂಲೆಯಲ್ಲಿ ಕೂರುತ್ತಿದ್ದಳು. ಅಜ್ಜಿ ಬಡಿಸಿದ ತಾಟು ಹಾಗೇ ಆರುತ್ತಿತ್ತು. ಅದನ್ನು ನೋಡಿ ನನಗೆ ಒಳಗೆ ಹಿತವಾಯಿತು. ಹಿತವಾಯಿತೆಂದು ಗೊತ್ತಾದ ಕೂಡಲೇ ಎದ್ದು ಲಕೋಟೆ ತಂದುಕೊಟ್ಟೆ. ನಿರಿಗೆಯ ಸಂಗತಿಯನ್ನೂ ಹೇಳಿದೆ.

ಅವಳು ಎರಡು ಸಲ ಓದಿದಳು. "ಎಷ್ಟ್ ದಿನಾತು ಇದು ಬಂದು?"

"ಮೂರು ವಾರ."

"ನಿಂದೇನ್ ಬಂತು?"

ಹೇಳಿದೆ.

"ಅಯ್ಯ, ಕಡ್ಡಿ ಇದ್ದಂಗ ಅದೀ, ನಿನಗ ಹೆಂಗ ಬಂತು?" ಎಂದಳು. ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಫೋನನ್ನು ನನ್ನ ಕೈಗಿಟ್ಟಳು. "ಹಚ್ಚು ಅವ್ರಿಗಿ. ಓದಿದಾಕಿ ನೀನs ಹೇಳು. ಮುಚ್ಚಿಟ್ಟಾಕಿನೂ ನೀನs."

ಹಚ್ಚಿದೆ. ಅತ್ತ ಆ ಸೋದರತ್ತೆ "ಹೌದ್ರಿ? ಖರೇ ಹೇಳಾಕತ್ತೀರಿ?" ಎಂದು ಮತ್ತೆ ಮತ್ತೆ ಕೇಳಿದಳು. ತಂಗಿಯ ರಕ್ತದ ಅಂಕಿಗಳನ್ನು ಒಂದೊಂದಾಗಿ, ತಪ್ಪಿಲ್ಲದೆ ಓದಿ ಹೇಳಿದೆ. ಪ್ರತಿಯೊಂದೂ ನನ್ನದಾಗಿರಬೇಕಿತ್ತು ಎಂದುಕೊಳ್ಳುತ್ತಲೇ ಓದಿದೆ.