ಮೂಸದ ವಾಸನೆಗೆ ಸಹಿ

ಓದುವಾಗ ಹಾಲಮ್ಮನವರ ತೋರುಬೆರಳು ಸಾಲಿನ ಕೆಳಗೆ ಇರುವೆಯಂತೆ ಸಾಗುತ್ತಿತ್ತು. ಕರೆಂಟ್ ಬಿಲ್ಲಾಗಲಿ, ಮದುವೆಯ ಕರೆಯೋಲೆಯಾಗಲಿ, ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದದೆ ಅವರು ಏನನ್ನೂ ಒಪ್ಪುತ್ತಿರಲಿಲ್ಲ. ಹರಿಹರದಲ್ಲಿ ಅವರದೊಂದು ಹೊಲಿಗೆ ಅಂಗಡಿ. ರವಿಕೆಯ ಒಂದು ತೋಳು ಅರ್ಧ ಇಂಚು ಗಿಡ್ಡವಾದರೂ ಗಿರಾಕಿಗೆ ತಾವೇ ಹೇಳಿಬಿಡುತ್ತಿದ್ದರು. ನೀನು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲವೆಂದು ಗಿರಾಕಿ ನಕ್ಕರೆ, "ತೊಟ್ಟ ಮ್ಯಾಲೆ ನಿನ್ ಕೈ ಹೇಳ್ತಿತ್ತು ಬಿಡು" ಎನ್ನುತ್ತಿದ್ದರು.

ಅಂಗಡಿಯ ಪಕ್ಕದ ವಸತಿ ಕಟ್ಟಡದ ಮಲಗುಂಡಿಯಲ್ಲಿ ಮಂಜಪ್ಪ ಎಂಬ ಕಾರ್ಮಿಕ ಉಸಿರುಗಟ್ಟಿ ಸತ್ತ. ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನು ಕಾನೂನು ನಿಷೇಧಿಸಿದೆ. ಜಾತಿ ನೋಡಿ ಇಳಿಸುವುದನ್ನು ನಮ್ಮ ಸಮಾಜ ಬಿಟ್ಟಿಲ್ಲ. ಸ್ಥಳ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಲು ಪೊಲೀಸರು ಪಕ್ಕದವರೆಂದು ಹಾಲಮ್ಮನವರನ್ನು ಕರೆದರು. ಮೃತನ ಬಾಯಿಂದ ಮದ್ಯದ ವಾಸನೆ ಬರುತ್ತಿತ್ತೆಂದೂ ಅವನು ತಾನಾಗಿಯೇ ಇಳಿದನೆಂದೂ ಕಾಗದ ಮೊದಲೇ ಸಿದ್ಧವಾಗಿತ್ತು. ಇನ್ನೊಬ್ಬ ಸಾಕ್ಷಿ ಓದದೆಯೇ ಸಹಿ ಹಾಕಿದ್ದ. ಹಾಲಮ್ಮನವರ ಬೆರಳು ವಾಸನೆಯ ಸಾಲಿನಲ್ಲಿ ನಿಂತಿತು.

"ನಾ ಮೂಸಿ ನೋಡಿಲ್ರಿ. ಹೆಂಗ್ ಸೈ ಮಾಡ್ಲಿ?"

"ಯಾಕಕ್ಕ, ಡಾಕ್ಟ್ರು ಆಗೀಯೇನು? ಎಲ್ಲಾರೂ ಹಾಕ್ತಾರ, ನಿಂದೇನು ದೊಡ್ಡದು?" ಎಂದು ಕಟ್ಟಡದ ಮ್ಯಾನೇಜರ್ ಹಂಗಿಸಿದ. ಅವರು ಪೆನ್ನು ಹಿಂದಕ್ಕೆ ಕೊಟ್ಟರು.

ಮರುದಿನದಿಂದ ಅಂಗಡಿಯೆದುರು ಇಬ್ಬರು ಅಪರಿಚಿತರು ಹಗಲೆಲ್ಲ ಬೈಕಿನ ಮೇಲೆ ಕೂತಿರತೊಡಗಿದರು. ಮಾತಿಲ್ಲ, ಬರಿಯ ನೋಟ. ಒಂದು ದಿನ ಅವರಲ್ಲೊಬ್ಬ ಒಳಬಂದು, ಹಾಲಮ್ಮನವರ ಮಗಳು ಎಷ್ಟು ಗಂಟೆಯ ಬಸ್ಸಿಗೆ ಕಾಲೇಜಿಗೆ ಹೋಗುತ್ತಾಳೆಂಬುದನ್ನು ಬಹಳ ವಿನಯದಿಂದ ಹೇಳಿ ಹೋದ. ಅದೇ ವಾರ ಅವರು ಅಂಗಡಿ ಮುಚ್ಚಿ, ಮಗಳೊಂದಿಗೆ ಆನಗೋಡಿನ ತಂಗಿಯ ಮನೆ ಸೇರಿದರು.

ನಾನು ದಾವಣಗೆರೆಯಿಂದ ನಮ್ಮ ಕಾರ್ಮಿಕ ಸಂಘಟನೆಯ ಪರವಾಗಿ ಅಲ್ಲಿಗೆ ಹೋದೆ. ಮ್ಯಾನೇಜರ್ ಬೆದರಿಸಿ ಮಂಜಪ್ಪನನ್ನು ಇಳಿಸಿದ್ದನ್ನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ ಎಂಬ ಹೇಳಿಕೆಯನ್ನು ಹಾಲಮ್ಮನವರ ಸಹಿಗೆಂದು ಬರೆದುಕೊಂಡೇ ಹೋಗಿದ್ದೆ. ನಡೆದದ್ದು ಹಾಗೆಯೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಬೆರಳು ಮತ್ತೆ ನಿಂತಿತು.

"ಹಗ್ಗ ಇರ್ಲಿಲ್ಲ, ಮಾಸ್ಕ್ ಇರ್ಲಿಲ್ಲ, ಮ್ಯಾನೇಜರ್ ಗುಂಡಿ ಬಾಯಾಗ ನಿಂತಿದ್ದ. ಇಷ್ಟು ಕಂಡೀನಿ. ಏನಂದ ಅಂತ ಕೇಳ್ಸಿಲ್ಲ, ನನ್ ಮಷೀನ್ ಸದ್ದಿತ್ತು. ನೀವೂ ಅವ್ರಂಗೇ ಮೊದ್ಲೇ ಬರ್ಕಂಡು ಬಂದ್ರಲ್ರಿ ಸರ."

ನಾಚಿಕೆಯಿಂದ ಕಾಗದ ಮಡಚಿದೆ. ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ. ಅವರು ಸೂಜಿಗೆ ದಾರ ಪೋಣಿಸಲು ಮೂರು ಸಲ ಯತ್ನಿಸಿ, ಎರಡನ್ನೂ ಕೆಳಗಿಟ್ಟರು.

"ಅಂಜಿಕಿ ಐತ್ರಿ. ಅಂಜಿಕಿ ಐತೆ ಅಂತ ಇಲ್ಲದ್ ವಾಸ್ನೆ ಮೂಗಿಗೆ ಬರುತ್ತೇನ್ರಿ?"

ನಮ್ಮ ದೂರಿನಿಂದ ಮ್ಯಾನೇಜರ್ ಮೇಲೆ ಮೊಕದ್ದಮೆಯಾಯಿತು. ನ್ಯಾಯಾಲಯದಲ್ಲಿ ಅವರು ಕಂಡಷ್ಟನ್ನೇ ಹೇಳಿದರು. ಮ್ಯಾನೇಜರ್ ಬೆದರಿಸಿದನೇ ಎಂದಾಗ, "ಕೇಳ್ಸಿಲ್ರಿ" ಎಂದರು. ನಮ್ಮ ವಕೀಲರು ತಲೆ ತಗ್ಗಿಸಿದರು. ಹೊರಗೆ ಬೈಕಿನ ಆ ಇಬ್ಬರು ಕಾಯುತ್ತಿದ್ದರು. ನಾನೇ ಮನೆಗೆ ಬಿಡುತ್ತೇನೆಂದೆ.

"ಬ್ಯಾಡ್ರಿ. ನಿಮ್ ಕೂಡ ಬಂದ್ರ ನೀವೇ ಹೇಳ್ಕೊಟ್ಟಿದ್ದು ಅಂತಾರ. ತೀರ್ಪು ಬರೋತನಕ ಫೋನೂ ಮಾಡಬ್ಯಾಡ್ರಿ."

ಒಬ್ಬರೇ ಮೆಟ್ಟಿಲಿಳಿದರು. ಹಿಂದೆಯೇ ಅವರಿಬ್ಬರೂ ಇಳಿದರು. ಸಂಜೆ ತಂಗಿ ಸುದ್ದಿ ಮುಟ್ಟಿಸಿದರು: ಅಕ್ಕ ಮನೆ ಸೇರಿದ್ದಾರೆ, ಆ ಇಬ್ಬರು ಅದೇ ಬಸ್ಸಿನಲ್ಲಿ ಬಂದು, ಜೊತೆಗೇ ಇಳಿದು, ಬಾಗಿಲವರೆಗೂ ನಡೆದು, ಮನೆ ನೋಡಿಕೊಂಡು ಹೋದರು.

ತೀರ್ಪು ಇನ್ನೂ ಬಂದಿಲ್ಲ. ನಾನು ಫೋನು ಮಾಡಿಲ್ಲ.