ಲೈನ್ ಪ್ರಾಬ್ಲಂ ಮಾಮ

ಆ ಬೀದಿಯ ಮಕ್ಕಳೆಲ್ಲ ಅವನನ್ನು ಕರೆಯುತ್ತಿದ್ದುದು 'ಲೈನ್ ಪ್ರಾಬ್ಲಂ ಮಾಮ' ಎಂದು. ಮನೆಮನೆಗೆ ಕೇಬಲ್ ಟಿವಿ, ಇಂಟರ್‌ನೆಟ್ ಎಳೆದುಕೊಟ್ಟವನೇ ಅವನು. ಯಾವ ವೈರ್ ಎಲ್ಲಿ ಹೋಗಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವನಿಗೆ ಇಂಥ ಬಿರುದು ಕೊಡಿಸಿದವರು ಮಕ್ಕಳ ತಾಯಂದಿರು.

ಪರೀಕ್ಷೆ ಹತ್ತಿರ ಬಂದರೆ ಸಾಕು, ಒಬ್ಬೊಬ್ಬರಾಗಿ ಅವನ ಅಂಗಡಿಗೆ ಫೋನ್ ಮಾಡುತ್ತಿದ್ದರು. ಮಕ್ಕಳ ಕೈಯಿಂದ ರಿಮೋಟ್ ಕಸಿದುಕೊಂಡು ಕೆಟ್ಟವರಾಗಲು ಯಾರಿಗೂ ಮನಸ್ಸಿಲ್ಲ. "ಅಣ್ಣಾ, ಸ್ವಲ್ಪ ಕಟ್ ಮಾಡ್ಬಿಡಿ. ಕೇಳಿದ್ರೆ ಲೈನ್ ಪ್ರಾಬ್ಲಂ ಅನ್ನಿ. ನಾನು ಹೇಳ್ದೆ ಅಂತ ಮಾತ್ರ ಬಾಯಿಬಿಡ್ಬೇಡಿ." ಅಂಗಡಿಯಲ್ಲಿ ಕೂತ ತಮ್ಮ ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಆದರೂ ತಾಯಂದಿರ ಮಾನ ಉಳಿಸಲು ಇವನು ಏಣಿ ಹೊತ್ತು ಹೋಗಿ, ನೆಟ್ಟಗಿದ್ದ ವೈರನ್ನೇ ತಡವಿ, ತಲೆಯಾಡಿಸಿ ಇಳಿಯುತ್ತಿದ್ದ. ಮಕ್ಕಳು ಹಿಡಿಶಾಪ ಹಾಕುತ್ತಿದ್ದರು. ತಾಯಂದಿರೂ ಸೊಂಟದ ಮೇಲೆ ಕೈಯಿಟ್ಟು, "ಏನ್ ಕೆಲ್ಸ ಮಾಡ್ತೀರೋ ಏನೋ!" ಎಂದು ದನಿಗೂಡಿಸುತ್ತಿದ್ದರು. ಅವರ ಧಾರಾವಾಹಿಯ ಹೊತ್ತಿಗೆ ಮಾತ್ರ ಲೈನ್ ತಾನಾಗಿಯೇ ಸರಿಹೋಗಬೇಕಿತ್ತು.

ಇದನ್ನೆಲ್ಲ ಅವನು ನಕ್ಕು ನುಂಗುತ್ತಿದ್ದ. ನುಂಗಲಾಗದ್ದು ಒಂದೇ. ಎರಡನೇ ಕ್ಲಾಸಿನ ಮಗಳು ಒಂದು ಸಂಜೆ ಮುಖ ಊದಿಸಿಕೊಂಡು ಬಂದು ಕೇಳಿದಳು: "ಅಪ್ಪಾ, ನಿಂಗೆ ವೈರ್ ಜೋಡ್ಸೋಕೇ ಬರಲ್ವಂತೆ. ಹೌದಾ?"

ನಿಜ ಹೇಳಿದರೆ ನಾಳೆಯೇ ಇಡೀ ಶಾಲೆಗೆ ಗೊತ್ತಾಗುತ್ತದೆ. "ಕಲೀತಾ ಇದೀನಮ್ಮಾ," ಎಂದ. ಮಗಳ ಕಣ್ಣಲ್ಲಿ ಸಣ್ಣವನಾದೆನಲ್ಲ ಎಂದುಕೊಂಡ. ಅದನ್ನು ಮರೆಯಲು ಊಟದ ತಟ್ಟೆಯ ಪಕ್ಕ ಫೋನ್ ಒರಗಿಸಿಟ್ಟು ವಿಡಿಯೋ ನೋಡತೊಡಗಿದ. ದಿನವೂ ಅಷ್ಟೇ, ಮಗಳ ಶಾಲೆಯ ಕಥೆಗಳಿಗೆ ಸಿಗುತ್ತಿದ್ದುದು ಅವನ "ಹೂಂ" ಒಂದೇ.

ಮುಂದಿನ ವಾರ ಊಟದ ನಡುವೆಯೇ ವಿಡಿಯೋ ನಿಂತಿತು. ಮನೆಯಲ್ಲೇ ವೈಫೈ ಇರುವಾಗ ಫೋನಿಗೆ ಬೇರೆ ಡೇಟಾ ಯಾಕೆ ಎನ್ನುವ ಮನುಷ್ಯ ಅವನು. ಕೈ ತೊಳೆದು ಏಣಿ ಹತ್ತಿದ. ವೈರ್ ಸರಿಯಿತ್ತು, ಅದು ಬಂದು ಸೇರುವ ಡಬ್ಬಿಯೂ ಸರಿಯಿತ್ತು. ಏಣಿಯ ಮೇಲಿಂದಲೇ ತಮ್ಮನಿಗೆ ಫೋನ್ ಮಾಡಿದ.

"ಲೈನ್ ಪ್ರಾಬ್ಲಂ ಅಣ್ಣಾ," ಎಂದ ತಮ್ಮ.

"ನನ್ಗೇ ಹೇಳ್ತೀಯೇನೋ? ಯಾರು ಕಟ್ ಮಾಡ್ಸಿದ್ದು?"

"ಬಾಯಿಬಿಡಲ್ಲ ಅಂತ ಮಾತು ಕೊಟ್ಟಿದೀನಿ. ಪಾಪ, ಪಿಸಪಿಸ ಅಂತ ಕೇಳ್ಕೊಂಡ್ಳು. ಮೊನ್ನೆ ಅಂಗಡೀಲಿ ಕೂತು ಆಡ್ತಿದ್ದಾಗ ಬೀದಿ ಮಕ್ಕಳ ಅಮ್ಮಂದಿರ ಫೋನೆಲ್ಲಾ ಕೇಳಿಸ್ಕೊಂಡಿದಾಳೆ, ಕಳ್ಳಿ!"

ಅವನು ನಿಧಾನವಾಗಿ ಇಳಿದ. ಕೆಳಗೆ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನ್ ಕೆಲ್ಸ ಮಾಡ್ತೀಯೋ ಏನೋ! ಸರಿಹೋಯ್ತಾ?"

"ಇಲ್ಲಮ್ಮಾ. ಲೈನ್ ಪ್ರಾಬ್ಲಂ."

"ಹೋಗ್ಲಿ ಬಿಡು, ಬಾ. ಇವತ್ತು ಸ್ಕೂಲಲ್ಲಿ ಏನಾಯ್ತು ಗೊತ್ತಾ?"

ಅವನು ಫೋನನ್ನು ಮಗುಚಿಟ್ಟು ಕೂತ. ತಾನು ಎಂಥ ಕೆಲಸಗಾರನೆಂದು ಬಲ್ಲ ಒಬ್ಬಳಾದರೂ ಇದ್ದಾಳಲ್ಲ ಎಂದು ಎದೆ ತುಂಬಿತು. ಆರಿದ ಅನ್ನ ಅವತ್ತು ಸಲೀಸಾಗಿ ಗಂಟಲಲ್ಲಿ ಇಳಿಯಿತು.